ಥೈರಾಯ್ಡ್ ಮಾತ್ರೆ ಸಿಗದಿದ್ದಾಗ ಏನು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಒಂದು ಬಹಳ ಯೋಚನೆಗೆ ಹಚ್ಚಿತು. ಬರೆದಿರುವವರು ಅತ್ತೆ. ಅವರಿಗೂ, ಮೂರು ತಿಂಗಳ ಬಸುರಿ ಸೊಸೆಗೂ ಥೈರಾಯ್ಡ್ ಕಡಿಮೆ. "ಹದಿನೈದು ದಿನದಿಂದ ಮೆಡಿಕಲ್ ಶಾಪಿನಲ್ಲಿ ಕೇಳಿದಾಗೆಲ್ಲಾ ‘ಸ್ಟಾಕ್ ಇಲ್ಲಮ್ಮಾ, ಸೋಮವಾರ ಬನ್ನಿ’ ಅಂತಾರೆ. ಮನೇಲಿರೋದು ಒಂದೇ ಬಾಟ್ಲು. ಅದನ್ನ ಸೊಸೆಗೇ ಬಿಟ್ಟು ನಾನು ನಿಲ್ಲಿಸಿಬಿಟ್ಟಿದ್ದೀನಿ. ಯಾರಿಗೂ ಹೇಳಿಲ್ಲ. ನನಗೇನು, ವಯಸ್ಸಾಯ್ತು. ಆದರೂ ಇದು ಸರಿಯೇ?" ಎಂದು ಕೇಳಿದ್ದಾರೆ.

ಅಮ್ಮಾ, ಸೊಸೆಯ ಮಾತ್ರೆ ತಪ್ಪಬಾರದೆಂಬ ನಿಮ್ಮ ಯೋಚನೆ ಸರಿಯೇ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ತಾಯಿಯಿಂದಲೇ ಬರಬೇಕು. ಅದಕ್ಕೇ ಬಸುರಿಯಾದಾಗ ಡಾಕ್ಟರು ಸಾಮಾನ್ಯವಾಗಿ ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಆದರೆ ನಿಮ್ಮ ಬಾಟಲಿ 100 ಮೈಕ್ರೋಗ್ರಾಂನದ್ದೋ, ಅವಳಿಗೆ ಬರೆದಿರುವುದು 50ರದ್ದೋ, ಇಂದೇ ನೋಡಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಲೆಕ್ಕವಿಲ್ಲದೆ ಕೊಡುವಂತಿಲ್ಲ. ಇನ್ನು ನೀವು ಗುಟ್ಟಾಗಿ ನಿಲ್ಲಿಸಿದ್ದು ಖಂಡಿತ ಸರಿಯಲ್ಲ. ಗಂಡನ ಬಿ.ಪಿ. ಮಾತ್ರೆ ಒಂದು ದಿನ ತಪ್ಪಿದರೆ ಮನೆಯೆಲ್ಲ ಗದ್ದಲ ಮಾಡುವ ನಾವು, ನಮ್ಮದು ಮುಗಿದರೆ ಬಾಯಿ ಬಿಡುವುದಿಲ್ಲ. ಇದು ತ್ಯಾಗವಲ್ಲ, ಅಪಾಯ.

ಹಾಗೆಂದು ಗಾಬರಿ ಬೇಡ. ಈ ಮಾತ್ರೆಯ ಸತ್ವ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಒಂದೆರಡು ದಿನ ತಪ್ಪಿದರೆ ಸಾಮಾನ್ಯವಾಗಿ ತೊಂದರೆಯಾಗದು. ವಾರಗಟ್ಟಲೆ ನಿಂತರೆ ಮಾತ್ರ ಸುಸ್ತು, ಚಳಿ, ಮಲಬದ್ಧತೆ, ಮುಖದ ಊತ, ಮರೆವು ಒಂದೊಂದಾಗಿ ಕಾಣುತ್ತವೆ. ವಯಸ್ಸಾದವರಲ್ಲಿ ಇವನ್ನು "ವಯಸ್ಸಿನ ಕಾಟ" ಎಂದು ತಳ್ಳಿಹಾಕುವುದೇ ಹೆಚ್ಚು. ವಿಪರೀತ ಮಂಪರು, ಮೈ ತಣ್ಣಗಾಗುವುದು, ಉಸಿರು ನಿಧಾನವಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಪರೇಷನ್‌ನಲ್ಲಿ ಗ್ರಂಥಿಯನ್ನೇ ತೆಗೆಸಿಕೊಂಡವರಿಗಂತೂ ಮಾತ್ರೆ ಬಿಟ್ಟರೆ ಬೇರೆ ಆಸರೆಯೇ ಇಲ್ಲ.

ಈಗ ಮಾಡಬೇಕಾದ್ದು:

1. ಅಂಗಡಿಯಲ್ಲಿ ಕಂಪನಿಯ ಹೆಸರು ಹೇಳಿ ಕೇಳುವುದರ ಜೊತೆಗೆ "ಲೀವೋಥೈರಾಕ್ಸಿನ್ ಸೋಡಿಯಂ" ಎಂದೂ ಕೇಳಿ. ಬೇರೆ ಕಂಪನಿಯದ್ದು ಇರಬಹುದು. ಜನೌಷಧಿ ಕೇಂದ್ರ, ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ.

2. ಕಂಪನಿ ಬದಲಾದರೆ ಡಾಕ್ಟರಿಗೆ ತಿಳಿಸಿ. 6ರಿಂದ 8 ವಾರ ಕಳೆದು ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ. ಬಸುರಿಯರಿಗೆ 4 ವಾರಕ್ಕೇ ಬೇಕು.

3. ನಿಮ್ಮ ಪ್ರಮಾಣದ ಮಾತ್ರೆ ಇಲ್ಲದೆ ಬೇರೆಯದು ಇದ್ದರೆ, 25ರದ್ದು ಎರಡು ಸೇರಿಸಿ 50 ಮಾಡಿಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಕೆಲವು ಬಾಟಲಿಗಳ ಮೇಲೆ ಮಿಲಿಗ್ರಾಂ ಲೆಕ್ಕ ಇರುತ್ತದೆ, 0.1 ಮಿಲಿಗ್ರಾಂ ಅಂದರೆ 100 ಮೈಕ್ರೋಗ್ರಾಂ. ಸೊನ್ನೆ ತಪ್ಪಿದರೆ ಪ್ರಮಾಣ ಹತ್ತು ಪಟ್ಟು ತಪ್ಪುತ್ತದೆ.

4. ಬರಲೆಂದು ದಿನ ಬಿಟ್ಟು ದಿನ ನುಂಗುವುದು, ಸಿಕ್ಕಮೇಲೆ ಬಾಕಿಯನ್ನೆಲ್ಲ ಒಟ್ಟಿಗೆ ನುಂಗುವುದು, ಎರಡೂ ನಿಮ್ಮಷ್ಟಕ್ಕೆ ನೀವೇ ಮಾಡಬೇಡಿ. ಹೃದಯದ ತೊಂದರೆ ಇದ್ದವರಿಗೆ ಹೆಚ್ಚಿನ ಪ್ರಮಾಣ ಕೇಡು.

5. ಕೊತ್ತಂಬರಿ ಬೀಜದ ನೀರಾಗಲಿ, ಅಯೋಡಿನ್ ಉಪ್ಪಾಗಲಿ ಮಾತ್ರೆಯ ಜಾಗ ತುಂಬಲಾರವು.

ಇರುವ ಮಾತ್ರೆ ವ್ಯರ್ಥವಾಗದಂತೆಯೂ ನೋಡಿಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ, ಸುಣ್ಣದಂಶದ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರವಿರಲಿ, ಇಲ್ಲದಿದ್ದರೆ ಇದು ಮೈಗೆ ಹತ್ತುವುದಿಲ್ಲ. ಬಾಟಲಿಯನ್ನು ಒಲೆ ಹತ್ತಿರದ ಗೂಡಿನಲ್ಲೋ ಬಚ್ಚಲಲ್ಲೋ ಇಡದೆ, ಬಿಸಿಲು-ತೇವ ತಾಗದ ಬೀರುವಿನಲ್ಲಿಡಿ.

ಇಂಥ ಕೊರತೆ ನಮಗೊಬ್ಬರಿಗೇ ಬಂದದ್ದಲ್ಲ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾದಾಗ, ಆ ದೇಶಕ್ಕೆ ಬೇಕಾದ ಥೈರಾಯ್ಡ್ ಮಾತ್ರೆಯ ಬಹುಪಾಲನ್ನು ತಯಾರಿಸುತ್ತಿದ್ದ ಫುಕುಶಿಮಾ ಪ್ರಾಂತ್ಯದ ಇವಾಕಿಯ ಕಾರ್ಖಾನೆ ನಿಂತುಹೋಯಿತು. ಇಡೀ ದೇಶ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿತ್ತು! ಹೊರದೇಶದಿಂದ ಮಾತ್ರೆ ತರಿಸಬೇಕಾಯಿತು. ನಮ್ಮಲ್ಲಿ 2020ರ ಲಾಕ್‌ಡೌನಿನಲ್ಲಿ ಔಷಧದಂಗಡಿ ತೆರೆದಿದ್ದರೂ ಸರಕು ಬರುವುದು ತಡವಾದದ್ದು ಮರೆತಿಲ್ಲವಷ್ಟೆ. ಕಾರಣ ಎಲ್ಲೋ ಇರುತ್ತದೆ, ಪೇಚಾಟ ನಮ್ಮ ಮನೆಯಲ್ಲಿ.

ಹಾಗಂತ ಆರು ತಿಂಗಳದ್ದು ಒಮ್ಮೆಗೇ ಕೊಂಡು ಪೇರಿಸಬೇಡಿ. ಪಕ್ಕದ ಬೀದಿಯ ಬಸುರಿಗೆ ಇಲ್ಲದಂತಾಗುತ್ತದೆ, ನಿಮ್ಮ ಬಾಟಲಿಯ ಗಡುವೂ ಮೀರಬಹುದು. ಬೇಳೆ ಡಬ್ಬಿ ತಳ ಕಾಣುವ ಮೊದಲೇ ಚೀಟಿ ಬರೆಯುವವರು ನಾವು. ಬಾಟಲಿಯಲ್ಲಿ 30 ಮಾತ್ರೆ ಉಳಿದಾಗಲೇ ಆ ದಿನಸಿ ಚೀಟಿಯ ತುದಿಗೆ ಮಾತ್ರೆಯ ಹೆಸರನ್ನೂ ಬರೆದುಬಿಡಿ. ಆಮೇಲೆ ಆ ಚೀಟಿಯನ್ನು ಮನೆಯವರೆಲ್ಲರ ಕಣ್ಣಿಗೆ ಬೀಳುವ ಕಡೆ ಇಡಿ.