ಊರಿಗೆ ಇತಿಹಾಸವಿಲ್ಲವೋ, ಓದುವವರಿಲ್ಲವೋ?

‘ನಮ್ಮೂರಿಗಿ ಎಂಥಾ ಇತಿಹಾಸ ಅದರೀ? ಇದೇನು ಹಂಪಿ ಏನ್ರೀ, ವಿಜಾಪುರ ಏನ್ರೀ?’ ಜೇವರ್ಗಿ, ಯಡ್ರಾಮಿ, ಅಫಜಲಪುರದ ಕಡೆಯ ಹಳ್ಳಿಗಳಿಗೆ ಕ್ಷೇತ್ರಕಾರ್ಯಕ್ಕೆ ಹೋದವರಿಗೆ ಈ ಮಾತು ಹೊಸದಲ್ಲ. ಹಳ್ಳಿಯವರ ವಿನಯವೆಂದು ನಾವು ನಕ್ಕು ಬರುತ್ತೇವೆ. ಇದು ವಿನಯವಲ್ಲ, ನಾವೇ ಕಲಿಸಿದ ಪಾಠ. ಇತಿಹಾಸವೆಂದರೆ ರಾಜವಂಶ, ಕೋಟೆ, ಗುಡಿ ಎಂದು ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಹೇಳಿಕೊಟ್ಟವರು ನಾವು.

ಭೀಮಾ ದಂಡೆಯ ಸನ್ನತಿಯನ್ನೇ ನೋಡಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಗುಡಿಯ ಮಾಳಿಗೆ ಕುಸಿಯಿತು. ಆಮೇಲೆ ದೇವಿಯ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಕಂಡಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರಿರುವ ಶಿಲ್ಪವೂ ಸಿಕ್ಕಿತು. ಚಕ್ರವರ್ತಿಯ ಹೆಸರು ಸಿಕ್ಕ ಮೇಲೆ ಆ ಊರುಗಳು ಪುಸ್ತಕ ಸೇರಿದವು. ಹಾಗಾದರೆ ಯಾವ ಚಕ್ರವರ್ತಿಯೂ ಹೆಸರು ಕೆತ್ತಿಸದ ನೂರಾರು ಊರುಗಳು ಮಾಳಿಗೆ ಬೀಳುವುದನ್ನೇ ಕಾಯಬೇಕೇ?

ಶಾಸನಗಳಿವೆಯಲ್ಲ ಎನ್ನಬಹುದು. ಇವೆ, ಓದಲೇಬೇಕು. ಆದರೆ ದಾನಶಾಸನ ಹೊಲ ಕೊಟ್ಟವರ ಹೆಸರು ಹೇಳುತ್ತದೆ, ಪಡೆದವರ ಹೆಸರು ಹೇಳುತ್ತದೆ. ಆ ಹೊಲ ಉತ್ತವರ ಹೆಸರನ್ನು ಹೇಳುವುದು ಅಪರೂಪ.

ಫ್ರಾನ್ಸಿನ ದಕ್ಷಿಣದಲ್ಲಿ, ಪಿರೆನೀಸ್ ಬೆಟ್ಟಗಳಲ್ಲಿ, ಮೊಂತಾಯು ಎಂಬ ಕುರಿಗಾಹಿಗಳ ಸಣ್ಣ ಹಳ್ಳಿಯಿದೆ. 1975ರಲ್ಲಿ ಎಮ್ಯಾನುಯೆಲ್ ಲ ರುವಾ ಲಾದುರಿ ಆ ಒಂದೇ ಹಳ್ಳಿಯ ಬಗ್ಗೆ ಬರೆದ ಗ್ರಂಥ ಜಗತ್ತಿನ ತುಂಬ ಓದಿಸಿಕೊಂಡಿತು. ಅದಕ್ಕೆ ಆಧಾರ ಕೋಟೆಯಲ್ಲ, ಒಂದು ದಫ್ತರ. 1318ರಿಂದ 1325ರವರೆಗೆ ಬಿಷಪ್ ಜಾಕ್ ಫೂರ್ನಿಯೆ ಧರ್ಮದ್ರೋಹಿಗಳನ್ನು ಹಿಡಿಯಲು ನಡೆಸಿದ ವಿಚಾರಣೆಯ ದಾಖಲೆ ಅದು. ಬರೆಸಿದವನು ಅಧಿಕಾರಸ್ಥ, ಬರೆದ ಭಾಷೆ ಲ್ಯಾಟಿನ್. ಆದರೂ ಅದರೊಳಗೆ ಕುರಿಗಾಹಿಯ ಊಟ, ಪ್ರೇಮ, ಭಯ, ಜಗಳ ಉಳಿದುಕೊಂಡವು.

ನಮ್ಮಲ್ಲೂ ದಫ್ತರಗಳಿವೆ. ಈ ನಾಡು 1948ರವರೆಗೆ ನಿಜಾಮರದು. ಭೂಮಿ, ಇನಾಮು, ಕಂದಾಯ, ತಕರಾರುಗಳ ಕಾಗದಗಳು ಮೊದಲು ಪಾರಸಿಯಲ್ಲಿ, 19ನೇ ಶತಮಾನದ ಕೊನೆಯಿಂದ ಉರ್ದುವಿನಲ್ಲಿ ನಡೆದವು. ಜೇವರ್ಗಿ ಭಾಗದಲ್ಲಿ ಆಗ ಅಂದೋಲ ಎಂಬ ತಾಲ್ಲೂಕಿತ್ತು. ಇಂದಿನ ತಾಲ್ಲೂಕಿನ ಹೆಸರು ಹಿಡಿದು ಹುಡುಕಿದರೆ ಬರಿಗೈಲಿ ಬರಬೇಕಾಗುತ್ತದೆ. ನಿಜಾಮ ಸರ್ಕಾರದ ದೊಡ್ಡ ದಾಖಲೆರಾಶಿ ಹೈದರಾಬಾದಿನ ಪತ್ರಾಗಾರದಲ್ಲಿದೆ. ಅದರ ಮುಂದೆ ಕೂತು ಓದಬಲ್ಲ ಕನ್ನಡ ಸಂಶೋಧಕರು ಎಷ್ಟು ಮಂದಿ? ಹಳಗನ್ನಡ ಲಿಪಿ ಬಾರದಿದ್ದರೆ ನಾಚುವ ನಾವು, ಉರ್ದು ಬಾರದೆಂದು ಸಲೀಸಾಗಿ ಹೇಳಿಬಿಡುತ್ತೇವೆ.

‘ಅವು ಆಳಿದವರ ಕಾಗದ, ಅದರಲ್ಲಿ ನಮ್ಮದೇನಿದೆ?’ ಎಂಬ ಆಕ್ಷೇಪ ನನಗೆ ಗೊತ್ತು. ರಜಾಕಾರರ ಹಾವಳಿಯ ನೆನಪಿರುವ ಸೀಮೆಯಲ್ಲಿ ಆ ಮಾತಿಗೆ ನೋವಿನ ತೂಕವೂ ಇದೆ. ಆದರೆ ಫೂರ್ನಿಯೆಯ ದಫ್ತರವೂ ಹಿಂಸಿಸಿದವರದೇ. ಆಳಿದವರ ಕಾಗದವನ್ನು ಓದದೆ ಬಿಟ್ಟರೆ ಅದರಿಂದ ಆಳಿದವರಿಗೆ ನಷ್ಟವಿಲ್ಲ. ಅದರಲ್ಲಿ ಅರ್ಜಿ ಕೊಟ್ಟ ರೈತನ, ಕಂದಾಯ ಬಾಕಿಯಾದ ವಿಧವೆಯ ದನಿ ಇದ್ದರೆ ಅದು ಎರಡನೇ ಸಲ ಅಡಗುತ್ತದೆ. ಇನ್ನು ಭಾಷೆಯ ಮಾತು. ಯಡ್ರಾಮಿಯ ರೈತ ದಿನವೂ ಪಹಣಿ, ಜಮಾಬಂದಿ, ತಹಶೀಲ್ದಾರ, ತಕರಾರು ಅನ್ನುತ್ತಾನೆ. ಆ ಪದಗಳು ಅವನಿಗೆ ಪರಕೀಯವಲ್ಲ. ಪರಕೀಯವಾಗಿರುವುದು ಪಿಎಚ್.ಡಿ. ಮಾಡುವ ನಮಗೆ.

2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದರೆ ದಾಖಲೆಯ ಭಾಷೆ ಬದಲಾಗುವುದಿಲ್ಲ. ಈ ಭಾಗದ ಇತಿಹಾಸ, ಕನ್ನಡ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಉರ್ದು ಲಿಪಿ ಕಲಿಸಬೇಕು. ಮನೆಯ ಸಂದೂಕಿನಲ್ಲಿರುವ ಹಳೆ ಕಾಗದಗಳ ಚಿತ್ರ ತೆಗೆದು, ಕಾಗದವನ್ನು ಮನೆಯವರಿಗೇ ಮರಳಿಸುವ ಕೆಲಸ ಶುರುವಾಗಬೇಕು. ಅಷ್ಟು ಮಾಡಿದ ಮೇಲೂ ಏನೂ ಸಿಗದಿದ್ದರೆ ಆಗ ಹೇಳೋಣ, ಊರಿಗೆ ಇತಿಹಾಸವಿಲ್ಲವೆಂದು. ಅಲ್ಲಿಯವರೆಗೆ ಆ ಮಾತು ಊರಿನ ಬಗೆಗಲ್ಲ, ನಮ್ಮ ಓದಿನ ಬಗೆಗೆ.