ಶೆಲ್ಲಿಗೆ ದಾರಿ ತೋರಿಸಿ

1983ರಲ್ಲಿ ಸ್ಥಾಪಿತವಾದ ಪಿ.ಐ.ಸಿ.ಟಿ. ಕಾಲೇಜು ನಮ್ಮ ಧನಕವಡಿಯಲ್ಲಿದೆಯಷ್ಟೆ. ಕಂಪ್ಯೂಟರ್ ಕಲಿಯಲು ಇತ್ತ ಬರುವ ಕನ್ನಡದ ಮಕ್ಕಳು ಲಿನಕ್ಸ್ ಹಿಡಿದ ಹೊಸತರಲ್ಲಿ ನಮ್ಮೆದುರು ತೋಡಿಕೊಳ್ಳುವ ಗೋಳು ಒಂದೇ: “ಜಾವಾ ಇಳಿಸಿ ಇಟ್ಟಿದ್ದೇನೆ, ಕರೆದರೆ ‘ಕಮಾಂಡ್ ನಾಟ್ ಫೌಂಡ್’ ಎನ್ನುತ್ತದೆ!”

ಜಾವಾ ಎಲ್ಲಿಗೂ ಹೋಗಿಲ್ಲ. ಶೆಲ್ ಎಂಬುದು ಮನೆಗೆ ಹೊಸದಾಗಿ ಬಂದ ಅಡಿಗೆಯವನಂತೆ. ನಾವು ತೋರಿಸಿದ ಗೂಡುಗಳಲ್ಲಷ್ಟೇ ಇಂಗಿನ ಡಬ್ಬಿ ಹುಡುಕೀತು. ಆ ಗೂಡುಗಳ ಪಟ್ಟಿಯೇ ‘ಪಾತ್’.

ನಾವು ಹೇಳುವುದಿಷ್ಟೆ. ಟರ್ಮಿನಲ್ಲಿನಲ್ಲಿ ‘ಎಕ್ಸ್‌ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ದೊಡ್ಡಕ್ಷರದಲ್ಲಿ ಪಾತ್, ಸಮಚಿಹ್ನೆ, ಡಾಲರ್ ಚಿಹ್ನೆ ಹಚ್ಚಿದ ಹಳೆಯ ಪಾತ್, ಕೋಲನ್, ಕೊನೆಗೆ ಜಾವಾದ ‘ಬಿನ್’ ಫೋಲ್ಡರಿನ ಪೂರ್ಣ ವಿಳಾಸ ಬರೆಯಿರಿ. ಸಮಚಿಹ್ನೆಯ ಆಚೀಚೆ ಜಾಗ ಕೂಡದು. ಹಳೆಯ ಪಾತನ್ನು ಬಿಟ್ಟಿರೋ, ‘ಎಲ್‌ಎಸ್’ ಕೂಡ ಸಿಕ್ಕದು! ಹೆದರಬೇಡಿ, ಆ ಕಿಟಕಿ ಮುಚ್ಚಿ ಹೊಸದನ್ನು ತೆರೆದರೆ ಎಲ್ಲ ಮೊದಲಿನಂತೆ.

ಜಾವಾ ಓಗೊಟ್ಟ ಮೇಲೆ ಅದೇ ಸಾಲನ್ನು ‘ಡಾಟ್ ಬ್ಯಾಶ್‌ಆರ್‌ಸಿ’ ಫೈಲಿನ ತುದಿಗೆ ಸೇರಿಸಿದರೆ ಮುಂದೆಯೂ ಉಳಿಯುತ್ತದೆ. ಮೊದಲೇ ಫೈಲಿಗೆ ಕೈಹಾಕಬಾರದು. ಅಲ್ಲಿಯ ತಪ್ಪು ಪ್ರತಿ ಕಿಟಕಿಗೂ ತಗಲುತ್ತದೆ.

“ನನ್ನ ತಲೆಗೆ ಇದು ಹತ್ತದು” ಎಂದು ಲಿನಕ್ಸನ್ನೇ ಕೈಬಿಡುವ ಮಕ್ಕಳಿದ್ದಾರೆ. ಕೊರತೆ ತಲೆಯದಲ್ಲ, ಒಂದು ಸಾಲಿನದು. ಬಲ್ಲವರು ಪಕ್ಕದಲ್ಲಿ ಕುಳಿತು ಅವರ ಕೈಯಿಂದಲೇ ಬರೆಸಲಿ.