ಸಂರಕ್ಷಣೆಗೆ ಖಾತೆಯೇ ಇಲ್ಲದ ಗಾಜಿನ ಕಡಲು

ಮುಂಬಯಿಗೆ ಅಂತರರಾಷ್ಟ್ರೀಯ ಮಟ್ಟದ ಓಶನೇರಿಯಂ ಬೇಕೆಂಬ ಮಾತು ಒಮ್ಮೆ ವರ್ಲಿಯ ಹೆಸರಿನಲ್ಲಿ, ಇನ್ನೊಮ್ಮೆ ಭಾಯಖಳಾದ ಹೆಸರಿನಲ್ಲಿ ಮರಳಿ ಮರಳಿ ಕೇಳಿಬರುತ್ತಿದೆ. ಇಂತಹ ಸಾಗರ ಮತ್ಸ್ಯಾಲಯಗಳನ್ನು ಸಮರ್ಥಿಸುವವರು ಎಲ್ಲೆಡೆಯೂ ಮೂರು ಪದಗಳನ್ನು ಒಟ್ಟಿಗೇ ಉಚ್ಚರಿಸುತ್ತಾರೆ: ಮನರಂಜನೆ, ಶಿಕ್ಷಣ, ಸಂರಕ್ಷಣೆ. ಮೊದಲನೆಯದಕ್ಕೆ ಟಿಕೆಟಿನ ಕಿಟಕಿಯಿದೆ. ಎರಡನೆಯದಕ್ಕೆ ಗೋಡೆಯ ಮೇಲಿನ ಫಲಕಗಳಿವೆ. ಮೂರನೆಯದಕ್ಕೆ ಆಯವ್ಯಯ ಪತ್ರದಲ್ಲಿ ಒಂದು ಸಾಲಾದರೂ ಇದೆಯೇ ಎಂದು ಕೇಳುವವರು ವಿರಳ. ಹಣ ಯಾವ ಕಡೆಗೆ ಹರಿಯುತ್ತದೆಯೋ ಸಂಸ್ಥೆಯ ನಿಜವಾದ ಉದ್ದೇಶವೂ ಅಲ್ಲಿಯೇ ಇರುತ್ತದೆ. ಉಳಿದದ್ದು ಆಮಂತ್ರಣ ಪತ್ರಿಕೆಯ ಅಲಂಕಾರ.

ಮತ್ಸ್ಯಾಲಯ ಈ ನಗರಕ್ಕೆ ಹೊಸದಲ್ಲ. ಮರೀನ್ ಡ್ರೈವಿನ ತಾರಾಪೋರವಾಲಾ ಮತ್ಸ್ಯಾಲಯವು ಪಾರ್ಸಿ ದಾನಿಯೊಬ್ಬರ 2 ಲಕ್ಷ ರೂಪಾಯಿಗಳ ನೆರವಿನಿಂದ ಕಟ್ಟಲ್ಪಟ್ಟು, 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆಗೊಂಡಿತು. ಅದು ತನ್ನನ್ನು ಮತ್ಸ್ಯಾಲಯವೆಂದೇ ಕರೆದುಕೊಂಡಿತು. ಸಂರಕ್ಷಣೆಯ ಮಾತು ಪ್ರದರ್ಶನದ ಜೊತೆಗೆ ಸೇರಿಕೊಂಡದ್ದು ಅನಂತರದ ಕಾಲದಲ್ಲಿ. 2016ರ ಜುಲೈನಲ್ಲಿ ಭಾಯಖಳಾ ಮೃಗಾಲಯಕ್ಕೆ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅಕ್ಟೋಬರಿನಲ್ಲಿ ಅವುಗಳಲ್ಲೊಂದು ಸತ್ತಿತು. ಆಮೇಲೆ ನಡೆದ ವಾಗ್ವಾದದಲ್ಲಿ ಒಂದು ಪಕ್ಷ ಗುತ್ತಿಗೆಯ ಮೊತ್ತವನ್ನು ಎತ್ತಿ ತೋರಿಸಿದರೆ, ಇನ್ನೊಂದು ಪಕ್ಷ ಏರಿದ ಟಿಕೆಟು ಆದಾಯವನ್ನು ಎತ್ತಿ ತೋರಿಸಿತು. ಪೆರು ಮತ್ತು ಚಿಲಿಯ ಕರಾವಳಿಯಲ್ಲಿರುವ ಆ ಹಕ್ಕಿಯ ಕುಲಕ್ಕೆ ಈ ಆದಾಯದಿಂದ ಸಂದದ್ದೆಷ್ಟು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಂದಕ್ಕೆ ಬರಲೇ ಇಲ್ಲ.

ಇದೇ ನಗರ ತನ್ನ ಸ್ವಂತ ಕಡಲನ್ನು ನಡೆಸಿಕೊಂಡ ರೀತಿಯನ್ನೂ ನೋಡಬೇಕು. ಕರಾವಳಿ ರಸ್ತೆಗಾಗಿ ಸಮುದ್ರವನ್ನು ತುಂಬಿಸುವ ಸಂದರ್ಭದಲ್ಲಿ, 2020ರಲ್ಲಿ, ವರ್ಲಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲಿದ್ದ 18 ಹವಳದ ಸಮೂಹಗಳನ್ನು ಕಿತ್ತು ಬೇರೆಡೆಗೆ ಸಾಗಿಸಲಾಯಿತು. ಜೀವಂತ ಹವಳವಿದ್ದ ದಡದಲ್ಲಿ ರಸ್ತೆ ಹಾಸಿ, ಅದೇ ವರ್ಲಿಯಲ್ಲಿ ಗಾಜಿನ ಹಿಂದೆ ಹವಳವನ್ನು ತೋರಿಸಿ, ಕಡಲನ್ನು ಪ್ರೀತಿಸಿರೆಂದು ಮಕ್ಕಳಿಗೆ ಬೋಧಿಸುವುದು ಯಾವ ಶಿಕ್ಷಣ?

ಕಣ್ಣಿಗೆ ಕಾಣದ್ದರ ಮೇಲೆ ಮಕ್ಕಳಿಗೆ ಮಮತೆ ಹುಟ್ಟದು ಎಂಬುದು ಓಶನೇರಿಯಂ ಪರವಾದ ದೊಡ್ಡ ವಾದ. ಅದರಲ್ಲಿ ಸತ್ಯಾಂಶವಿದೆ. ಆದರೆ ಕಾಣುವುದಕ್ಕೆ ತೊಟ್ಟಿಯೇ ಬೇಕೆಂದಿಲ್ಲ. 2017ರಿಂದ ‘ಮರೀನ್ ಲೈಫ್ ಆಫ್ ಮುಂಬೈ’ ಎಂಬ ಆಸಕ್ತರ ಬಳಗ ಇಳಿತದ ಹೊತ್ತಿನಲ್ಲಿ ಜನರನ್ನು ಗಿರಗಾಂವ್, ಜುಹೂ, ಹಾಜಿ ಅಲಿಯ ದಡಗಳಿಗೆ ಕರೆದೊಯ್ದು, ಬಂಡೆಗಳ ನಡುವೆ ನಿಂತ ನೀರಿನಲ್ಲಿರುವ ಏಡಿ, ಹವಳ, ಕಡಲಹೂಗಳನ್ನು ಅವು ಇದ್ದಲ್ಲಿಯೇ ತೋರಿಸುತ್ತ ಬಂದಿದೆ. ಅಲ್ಲಿ ನೋಡಿದ ಮಗು, ಮನೆಗೆ ಮರಳುವಾಗ ಚರಂಡಿಯ ನೀರು ಎಲ್ಲಿ ಕಡಲನ್ನು ಸೇರುತ್ತದೆಂಬುದನ್ನೂ ನೋಡಿರುತ್ತದೆ. ಆ ಎರಡನೆಯ ಪಾಠವನ್ನು ಯಾವ ಗಾಜಿನ ಸುರಂಗವೂ ಕಲಿಸಲಾರದು.

ಹೊರದೇಶಗಳ ಅನುಭವ ಎರಡು ಬಗೆಯದು. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಅಟ್ಲಾಂಟಾದಲ್ಲಿ 2005ರಲ್ಲಿ ತೆರೆದ ಜಾರ್ಜಿಯಾ ಅಕ್ವೇರಿಯಂ, ತೈವಾನಿನಿಂದ ತಿಮಿಂಗಿಲ ಶಾರ್ಕ್‌ಗಳನ್ನು ವಿಮಾನದಲ್ಲಿ ತರಿಸಿತು. ಅಲ್ಲಿದ್ದರೆ ಅವು ಮೀನುಗಾರಿಕೆಗೆ ಬಲಿಯಾಗುತ್ತಿದ್ದವು ಎಂಬುದು ಸಮರ್ಥನೆ. 2007ರ ಮೊದಲ ಆರು ತಿಂಗಳಲ್ಲಿಯೇ ಅವುಗಳಲ್ಲಿ ಎರಡು ಸತ್ತವು. ಅದೇ ಸಂಸ್ಥೆ ಮುಂದೆ ರಷ್ಯಾದಲ್ಲಿ ಹಿಡಿದಿದ್ದ 18 ಬೆಲುಗಾ ತಿಮಿಂಗಿಲಗಳನ್ನು ತರಲು ಹೊರಟಾಗ ಅಮೆರಿಕದ ಸರ್ಕಾರವೇ 2013ರಲ್ಲಿ ಅನುಮತಿಯನ್ನು ನಿರಾಕರಿಸಿತು; 2015ರಲ್ಲಿ ನ್ಯಾಯಾಲಯ ಆ ನಿರಾಕರಣೆಯನ್ನು ಎತ್ತಿಹಿಡಿಯಿತು.

ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ತೆರೆದ ಮಾಂಟೆರೆ ಬೇ ಅಕ್ವೇರಿಯಂ ಕೂಡ ದೋಷರಹಿತವಲ್ಲ; ಎಳೆಯ ಬಿಳಿ ಶಾರ್ಕ್‌ಗಳನ್ನು ಕೆಲವು ವರ್ಷ ಪ್ರದರ್ಶಿಸಿ ಕೊನೆಗೆ ಕೈಬಿಟ್ಟಿತು. ಆದರೆ ತಾಯಿಯಿಂದ ಅಗಲಿದ ಕಡಲ ನೀರುನಾಯಿ ಮರಿಗಳನ್ನು ಅದು ಸಾಕುತಾಯಂದಿರ ಬಳಿ ಬೆಳೆಸಿ ಮತ್ತೆ ಕಡಲಿಗೆ ಬಿಟ್ಟಿತು. ಸಮೀಪದ ಎಲ್ಖಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ಹದಿನೈದು ವರ್ಷಗಳಲ್ಲಿ ಹೆಚ್ಚಿದ ನೀರುನಾಯಿಗಳ ಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಮರಿಗಳದ್ದು ಮತ್ತು ಅವುಗಳ ಸಂತತಿಯದ್ದು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕಡಲಿಗೆ ಮರಳಿದ ಜೀವವನ್ನು ಎಣಿಸಬಹುದು. ಸಂರಕ್ಷಣೆ ಎಂಬ ಪದಕ್ಕೆ ಪುರಾವೆ ಎಂದರೆ ಇದು.

ಇನ್ನೂ ದೊಡ್ಡ ಪುರಾವೆ ಮುಂಬಯಿಯ ಪಕ್ಕದಲ್ಲಿಯೇ ಇದೆ. ಅಟ್ಲಾಂಟಾದ ತೊಟ್ಟಿಯಲ್ಲಿ ಸತ್ತ ಅದೇ ಜಾತಿಯ ಶಾರ್ಕನ್ನು ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಒಂದು ಕಾಲಕ್ಕೆ ಬೇಟೆಯಾಡಲಾಗುತ್ತಿತ್ತು. 2001ರಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿತು. ಕಥಾಕಾರ ಮೊರಾರಿ ಬಾಪು ಅದನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. ಬಲೆಗೆ ಬಿದ್ದ ಶಾರ್ಕನ್ನು ಬಿಡಿಸಲು ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸತೊಡಗಿದರು. ಅರಣ್ಯ ಇಲಾಖೆ ಬಲೆಯ ನಷ್ಟವನ್ನು ಭರಿಸಿತು. ಹೀಗೆ ಬಿಡುಗಡೆಯಾದ ಶಾರ್ಕ್‌ಗಳು ನೂರಾರು. ಮಹಾರಾಷ್ಟ್ರದಲ್ಲಿಯೂ 2018ರ ಕೊನೆಯಿಂದ ಸಂರಕ್ಷಿತ ಜೀವಿಯನ್ನು ಬಿಡುವ ಮೀನುಗಾರರಿಗೆ 25,000 ರೂಪಾಯಿಗಳವರೆಗೆ ಪರಿಹಾರ ನೀಡುವ ಯೋಜನೆಯಿದೆ. ಒಂದು ಹರಿದ ಬಲೆಯ ಬೆಲೆಗೆ ಒಂದು ಪ್ರಾಣ. ಇಷ್ಟು ಕಡಿಮೆ ವೆಚ್ಚದ ಜೀವದಯೆ ಕಣ್ಣೆದುರಿಗಿರುವಾಗ, ನೂರಾರು ಕೋಟಿಯ ಗಾಜಿಗೆ ಅದೇ ಹೆಸರನ್ನು ಇಡುವವರು ಲೆಕ್ಕ ಕೊಡಬೇಕಾಗುತ್ತದೆ.

ಈ ಪ್ರಶ್ನೆ ಜೈನ ಮನೆಗಳಿಗೂ ಹೊರಗಿನದಲ್ಲ. ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಹೊಡೆಯುವುದು, ಅಂಗಚ್ಛೇದ, ಅತಿಭಾರ, ಅನ್ನಪಾನಗಳ ತಡೆ ಇವೆಲ್ಲ ಅದರ ನಂತರ ಬರುತ್ತವೆ. ತಟ್ಟೆಯಲ್ಲಿ ಮೀನಿಲ್ಲವಾದ್ದರಿಂದ ಕಡಲಿನ ಹಿಂಸೆಗೂ ತಮಗೂ ಸಂಬಂಧವಿಲ್ಲವೆಂದು ಭಾವಿಸುವ ಕುಟುಂಬ, ರಜೆಯಲ್ಲಿ ಸಿಂಗಪುರದಲ್ಲಿಯೋ ದುಬೈಯಲ್ಲಿಯೋ ಪಂಚೇಂದ್ರಿಯ ಜೀವಿಗಳ ಸೆರೆಮನೆಗೆ ಟಿಕೆಟು ಕೊಂಡು ಸಂತೋಷದಿಂದ ಚಿತ್ರ ತೆಗೆಸಿಕೊಳ್ಳುತ್ತದೆ. ಕೊಂದವನಿಗೆ ಮಾತ್ರ ಪಾಪ, ಕಟ್ಟಿಹಾಕಿದ್ದನ್ನು ನೋಡಲು ಹಣ ಕೊಟ್ಟವನಿಗಿಲ್ಲ ಎಂಬ ವಿನಾಯಿತಿ ಯಾವ ಶಾಸ್ತ್ರದ್ದು? ನಾಳೆ ಮುಂಬಯಿಯ ಓಶನೇರಿಯಮ್ಮಿಗೆ ದಾನ ಕೇಳಿ ಬಂದಾಗ, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಲು ಮುಂದಾಗುವ ಶ್ರೀಮಂತರು ಈ ಸಮಾಜದಲ್ಲಿ ಇಲ್ಲವೆಂದು ಹೇಳಲಾಗದು.

ಸಮಾಜದ ಬಳಿ ಬೇರೆ ಮಾದರಿಯೂ ಇದೆ. ದಿಲ್ಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆ ಗಾಯಗೊಂಡ ಹಕ್ಕಿಗಳನ್ನು ಸೇರಿಸಿಕೊಳ್ಳುತ್ತದೆ. ಗುಣವಾದವನ್ನು ಹಾರಲು ಬಿಡುತ್ತದೆ. ಅಲ್ಲಿ ಪಂಜರವಿದೆ, ಆದರೆ ಅದು ಬಿಡುಗಡೆಗೆ ಮುನ್ನಿನ ತಂಗುದಾಣ. ಓಶನೇರಿಯಂ ಈ ಪರೀಕ್ಷೆಯಲ್ಲಿ ಗೆಲ್ಲಲಿ. ಬಂಧ ಖರ್ಚಿನ ಬದಿಯಲ್ಲಿದ್ದರೆ, ಜಮೆಯ ಬದಿಯಲ್ಲಿ ಬಿಡುಗಡೆ ಕಾಣಬೇಕು.

ಆದುದರಿಂದ ಕೇಳಬೇಕಾದ ಷರತ್ತುಗಳು ನಾಲ್ಕು. ಪ್ರದರ್ಶನಕ್ಕಾಗಿ ಕಡಲಿನಿಂದ ಒಂದು ಜೀವಿಯನ್ನೂ ಹಿಡಿದು ತರಕೂಡದು. ಕಟ್ಟಡದೊಳಗೆ ಮೊದಲು ಆಸ್ಪತ್ರೆ ಏಳಬೇಕು. ಡಹಾಣೂವಿನಲ್ಲಿ ಗಾಯಗೊಂಡ ಕಡಲಾಮೆಗಳಿಗೆ ಈಗಾಗಲೇ ಚಿಕಿತ್ಸಾ ಕೇಂದ್ರವಿರುವಾಗ ಇದು ಅಸಾಧ್ಯವಾದ ಬೇಡಿಕೆಯಲ್ಲ. ಪ್ರತಿ ಟಿಕೆಟಿನ ನಿಗದಿತ ಪಾಲು ಪ್ರತ್ಯೇಕ ಖಾತೆಗೆ ಜಮೆಯಾಗಿ, ಬಲೆ ಕತ್ತರಿಸಿದ ಮೀನುಗಾರನ ಕೈಸೇರಬೇಕು. ಆ ಖಾತೆಯ ಪರಿಶೋಧಿತ ಲೆಕ್ಕ ವರ್ಷಕ್ಕೊಮ್ಮೆ ಪ್ರಕಟವಾಗಬೇಕು. ಮೃಗಾಲಯಗಳು ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಪ್ರಾಣಿಗಳ ಜನನ ಮರಣಗಳ ಪಟ್ಟಿ ಕೊಡುವಂತೆ, ಇಲ್ಲಿ ಸತ್ತ ಪ್ರತಿಯೊಂದು ಮೀನಿನ ದಾಖಲೆಯೂ ಸಾರ್ವಜನಿಕರಿಗೆ ತೆರೆದಿರಬೇಕು. ಸತ್ತದ್ದರ ಜಾಗಕ್ಕೆ ರಾತ್ರೋರಾತ್ರಿ ಇನ್ನೊಂದನ್ನು ತಂದುಬಿಟ್ಟರೆ ನೋಡುಗನಿಗೆ ತಿಳಿಯುವುದೇ ಇಲ್ಲ.

ಈ ನಾಲ್ಕಕ್ಕೂ ಒಪ್ಪಿದ ಸಂಸ್ಥೆಗೆ ಸಮಾಜ ಕೈ ಬಿಚ್ಚಿ ದಾನ ಕೊಡಲಿ, ಮಕ್ಕಳನ್ನೂ ಕರೆದೊಯ್ಯಲಿ. ಒಪ್ಪದ ಸಂಸ್ಥೆ ತನ್ನನ್ನು ಮನರಂಜನಾ ಕೇಂದ್ರವೆಂದು ಕರೆದುಕೊಂಡು, ಅದಕ್ಕೆ ತಕ್ಕ ತೆರಿಗೆ ಕಟ್ಟಿ ವ್ಯಾಪಾರ ಮಾಡಲಿ. ದಯೆಯ ಹೆಸರಿನಲ್ಲಿ ದಾನ ಬೇಡುವ ಹಕ್ಕು ಅದಕ್ಕಿಲ್ಲ.